ನಾಲ್ಕು ಹಳದಿ ಎಸಳಿನ ಕಳೆ: ಸಾಸಿವೆ ಕುಟುಂಬವನ್ನು ಗುರುತಿಸುವ ಬಗೆ

(ಕೊಪ್ಪಳದಲ್ಲಿ ವಿಜ್ಞಾನ ಶಿಕ್ಷಕರು, ಕೃಷಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಅವುಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದೆ.)

ಈ ಮೇಜಿನ ಮೇಲೆ ಮೂರು ಗಿಡಗಳಿವೆ. ಒಂದು ಮಸಾರಿ ಹೊಲದ ಬದುವಿನದು, ಇನ್ನೊಂದು ಗಂಗಾವತಿ ಕಡೆಯ ಕಾಲುವೆಯ ಅಂಚಿನದು, ಮೂರನೆಯದು ರಸ್ತೆ ಬದಿಯ ತಿಪ್ಪೆಯ ಮಗ್ಗುಲಲ್ಲಿ ಬೆಳೆದದ್ದು. ಮೂರರ ಹೂವೂ ಹಳದಿ, ಮೂರರ ಬೀಜವೂ ಸಣ್ಣದು. ಮೂರನ್ನೂ ತಂದವರು ಚೀಟಿಯಲ್ಲಿ ‘ಕಾಡು ಸಾಸಿವೆ’ ಎಂದೇ ಬರೆದಿದ್ದಾರೆ. ಇವುಗಳಲ್ಲಿ ಸಾಸಿವೆ ಕುಟುಂಬಕ್ಕೆ ಸೇರಿದ್ದು ಒಂದು ಮಾತ್ರ. ಅದೂ ಮೂರರಲ್ಲಿ ಎಲ್ಲಕ್ಕಿಂತ ಕುಳ್ಳಾದ, ಯಾರ ಕಣ್ಣಿಗೂ ಸುಲಭವಾಗಿ ಬೀಳದ ಗಿಡ. ಅದು ಯಾವುದು, ಉಳಿದೆರಡು ಯಾಕಲ್ಲ ಎಂಬುದನ್ನು ಹೂವನ್ನೂ ಕಾಯಿಯನ್ನೂ ಬಿಡಿಸಿ ತೋರಿಸುವುದಷ್ಟೇ ಈ ಹೊತ್ತಿನ ನನ್ನ ಕೆಲಸ.

ಮೊದಲಿಗೆ ಒಂದು ಸಂಶಯವನ್ನು ನಿಮ್ಮ ಮನಸ್ಸಿನಲ್ಲಿ ಬಿತ್ತಬೇಕಾಗಿದೆ. ಬ್ರಾಸಿಕೇಸೀ ಎಂದು ಸಸ್ಯವಿಜ್ಞಾನಿಗಳು ಕರೆಯುವ ಸಾಸಿವೆ ಕುಟುಂಬದಲ್ಲಿ ಸುಮಾರು 4,000 ಪ್ರಭೇದಗಳಿವೆ. ಆದರೆ ಅವುಗಳ ದೊಡ್ಡ ಪಾಲು ಇರುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ, ಇರಾನ್ ಮತ್ತು ಮಧ್ಯ ಏಷ್ಯಾದ ಒಣ ಪ್ರಸ್ಥಭೂಮಿಗಳಲ್ಲಿ, ಹಿಮಾಲಯದಂತಹ ಎತ್ತರದ ತಂಪು ಜಾಗಗಳಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕೊಪ್ಪಳ, ಬಳ್ಳಾರಿಗಳ ಬಯಲು ಈ ಕುಟುಂಬಕ್ಕೆ ಹೇಳಿಮಾಡಿಸಿದ ನೆಲವಲ್ಲ. ನಾವು ತಿನ್ನುವ ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು, ನವಿಲುಕೋಸು, ಬಾಣಂತಿಯರಿಗೆ ಕೊಡುವ ಅಳವಿ, ಇವೆಲ್ಲ ಈ ಕುಟುಂಬದವೇ ಆದರೂ ಬಿತ್ತಿ ಬೆಳೆಸಿದವು. ತಾವಾಗಿ ಹುಟ್ಟಿ ಕಳೆಯಾಗಿ ನಿಲ್ಲುವ ಪ್ರಭೇದಗಳು ನಮ್ಮ ಬಯಲಿನಲ್ಲಿ ಬೆರಳೆಣಿಕೆಯವು. ಹೀಗಾಗಿ ಮುಂಗಾರಿನ ಹೊಲದಲ್ಲಿ, ತೊಗರಿಯ ಸಾಲಿನ ನಡುವೆ, ನಾಲ್ಕು ಎಸಳಿನ ಹಳದಿ ಹೂವು ಕಂಡಾಗ ಅದು ಸಾಸಿವೆಯ ಬಂಧುವಾಗಿರುವ ಸಾಧ್ಯತೆಗಿಂತ ಆಗಿರದ ಸಾಧ್ಯತೆಯೇ ಹೆಚ್ಚು. ಪಂಜಾಬ್ ಅಥವಾ ರಾಜಸ್ಥಾನದ ಚಳಿಗಾಲದ ಗೋಧಿ ಹೊಲದಲ್ಲಿ ನಿಂತವರು ಇದಕ್ಕೆ ವಿರುದ್ಧವಾದ ಊಹೆಯಿಂದ ಹೊರಡಬಹುದು. ಅದು ಅಲ್ಲಿನ ಹವೆಗೆ ಸಲ್ಲುತ್ತದೆ, ನಮ್ಮ ಹವೆಗೆ ಸಲ್ಲದು.

ಸಾಮಾನ್ಯವಾಗಿ ಗಿಡವನ್ನು ಗುರುತಿಸಲು ಹೊರಟವರು ಎಲೆಯಿಂದ ಆರಂಭಿಸುತ್ತಾರೆ. ಈ ಕುಟುಂಬದ ಮಟ್ಟಿಗೆ ಅದು ಅಡ್ಡದಾರಿ. ನೆಲಕ್ಕೆ ಒತ್ತಿಕೊಂಡು ವೃತ್ತಾಕಾರದಲ್ಲಿ ಹರಡಿದ, ಅಂಚು ಹರಿದಂತೆ ಸೀಳಿದ ಎಲೆಗಳು ಸಾಸಿವೆಯ ಬಂಧುಗಳಲ್ಲಿಯೂ ಇವೆ, ಎಳೆಯ ಕಾಂಗ್ರೆಸ್ ಕಸದಲ್ಲಿಯೂ ಇವೆ, ಮುರಿದರೆ ಹಾಲು ಸುರಿಸುವ ಸೋಂಕಸ್ ಕುಲದ ಕಳೆಗಳಲ್ಲಿಯೂ ಇವೆ. ಅದೇ ಗಿಡದಲ್ಲಿ ಬುಡದ ಎಲೆ ಒಂದು ಆಕಾರ, ತುದಿಯ ಎಲೆ ಇನ್ನೊಂದು ಆಕಾರ. ನೀರು ಸಿಕ್ಕ ಗಿಡದ ಎಲೆ ಅಗಲ, ಒಣನೆಲದ್ದು ಕಿರಿದು. ಪ್ರಭೇದವನ್ನು ನಿರ್ಧರಿಸುವಾಗ ಎಲೆ ಬೇಕಾಗುತ್ತದೆ, ಆದರೆ ಅದರ ಸರದಿ ಬರುವುದು ಕುಟುಂಬ ಖಚಿತವಾದ ಮೇಲೆ.

ಕುಟುಂಬವನ್ನು ಹೇಳುವುದು ಹೂವು. ಸಾಸಿವೆಯ ಹೂವಿನಲ್ಲಿ ಹೊರಗೆ ನಾಲ್ಕು ಪುಷ್ಪಪತ್ರಗಳು, ಒಳಗೆ ಅವುಗಳ ನಡುವಿನ ಸಂದಿಗೆ ಸರಿಯಾಗಿ ನಿಂತ ನಾಲ್ಕು ದಳಗಳು. ದಳಗಳು ಎದುರುಬದುರಾಗಿ ಹರಡಿ ಶಿಲುಬೆಯ ಆಕಾರ ಕೊಡುವುದರಿಂದ ಯುರೋಪಿನವರು ಈ ಕುಟುಂಬವನ್ನು ಬಹುಕಾಲ ಕ್ರೂಸಿಫೆರೀ ಎಂದೇ ಕರೆದರು. ನಮ್ಮ ಹಳೆಯ ಪಠ್ಯಪುಸ್ತಕಗಳಲ್ಲಿಯೂ ಆ ಹೆಸರೇ ಇದ್ದದ್ದು ಹಿರಿಯ ಶಿಕ್ಷಕರಿಗೆ ನೆನಪಿರಬಹುದು. ನಾಲ್ಕು ದಳಗಳಿಗೆ ಬಂದು ನಿಂತುಬಿಡುವವರು ಮೋಸಹೋಗುತ್ತಾರೆ, ಏಕೆಂದರೆ ನಾಲ್ಕು ದಳದ ಹೂವುಗಳು ಬೇರೆ ಕುಟುಂಬಗಳಲ್ಲಿಯೂ ಬೇಕಾದಷ್ಟಿವೆ. ಇನ್ನೂ ಒಳಗೆ ಹೋಗಿ ಕೇಸರಗಳನ್ನು ನೋಡಬೇಕು. ಸಾಸಿವೆಯ ಹೂವಿನಲ್ಲಿ ಕೇಸರಗಳು ಆರು. ಆ ಆರರಲ್ಲಿ ಒಳಸುತ್ತಿನ ನಾಲ್ಕು ಉದ್ದ, ಹೊರಸುತ್ತಿನ ಎರಡು ಗಿಡ್ಡ. ಈ ನಾಲ್ಕು-ಎರಡರ ಏರ್ಪಾಡು ಎಷ್ಟು ವಿಶಿಷ್ಟವೆಂದರೆ, 1735ರಲ್ಲಿ ತನ್ನ ವರ್ಗೀಕರಣವನ್ನು ಪ್ರಕಟಿಸಿದ ಸ್ವೀಡನ್ನಿನ ಲಿನ್ನೇಯಸ್ ಇಂಥ ಗಿಡಗಳಿಗೆಂದೇ ಟೆಟ್ರಾಡೈನಾಮಿಯಾ ಎಂಬ ಪ್ರತ್ಯೇಕ ವರ್ಗವನ್ನು ಮಾಡಿ, ಕಾಯಿ ಉದ್ದವೋ ಗಿಡ್ಡವೋ ಎಂಬುದರ ಮೇಲೆ ಅದನ್ನು ಮತ್ತೆ ಎರಡಾಗಿ ಸೀಳಿದ.

ಕೇಸರಗಳನ್ನು ಎಣಿಸುವುದು ಬರಿಗಣ್ಣಿಗೆ ಕಷ್ಟವೇನಲ್ಲ, ಆದರೆ ಹತ್ತುಪಟ್ಟು ಹಿಗ್ಗಿಸುವ ಸಣ್ಣ ಮಸೂರವೊಂದು ಜೇಬಿನಲ್ಲಿದ್ದರೆ ಒಳ್ಳೆಯದು. ಅಂದು ಬೆಳಿಗ್ಗೆ ಅರಳಿದ ಹೂವನ್ನೇ ಆರಿಸಿಕೊಳ್ಳಬೇಕು. ಬಾಡಿದ ಹೂವಿನಲ್ಲಿ ಕೇಸರ ಉದುರಿ ಲೆಕ್ಕ ತಪ್ಪುತ್ತದೆ. ಎದುರುಬದುರಿನ ಎರಡು ದಳಗಳನ್ನು ಕಿತ್ತು ಹೂವನ್ನು ಮಗ್ಗುಲಾಗಿ ಹಿಡಿದರೆ ಗಿಡ್ಡ ಕೇಸರಗಳು ಆಚೆಗೊಂದು ಈಚೆಗೊಂದು ಬಾಗಿ ನಿಂತಿರುವುದು ಕಾಣುತ್ತದೆ. ಜೊತೆಗೆ ಹೂಗೊಂಚಲಿನ ಕಡ್ಡಿಯನ್ನೂ ಒಮ್ಮೆ ನೋಡಿ: ಬಹುಪಾಲು ಗಿಡಗಳಲ್ಲಿ ಪ್ರತಿ ಹೂತೊಟ್ಟಿನ ಬುಡದಲ್ಲಿ ಒಂದು ಮರಿ ಎಲೆಯೋ ಹುರುಪೆಯೋ ಇರುತ್ತದೆ, ಸಾಸಿವೆ ಕುಟುಂಬದಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ, ತೊಟ್ಟು ಬೋಳಾದ ಕಡ್ಡಿಯಿಂದ ನೇರವಾಗಿ ಹೊರಡುತ್ತದೆ.

ನಿಯಮವೆಂದ ಮೇಲೆ ಅಪವಾದಗಳೂ ಇರಬೇಕಲ್ಲ. ದಕ್ಷಿಣ ಅಮೆರಿಕದಿಂದ ಬಂದು ತಂಪು ಊರುಗಳ ಉದ್ಯಾನಗಳಲ್ಲಿ ನೆಲಹಿಡಿದು ಹರಡುವ ಲೆಪಿಡಿಯಂ ಡಿಡಿಮಮ್ ಎಂಬ ಕಳೆಯಲ್ಲಿ ಸಾಮಾನ್ಯವಾಗಿ ಎರಡೇ ಕೇಸರಗಳು, ದಳಗಳು ಇದ್ದೂ ಇಲ್ಲದಂತೆ. ಕಾರ್ಡಮೈನ್ ಹಿರ್ಸುಟಾ ಎಂಬ ಇನ್ನೊಂದು ಕಳೆಯಲ್ಲಿ ಬಹುಸಲ ನಾಲ್ಕೇ ಕಾಣುತ್ತವೆ. ಹಾಗಿದ್ದೂ ಇವುಗಳನ್ನು ಸಾಸಿವೆ ಕುಟುಂಬದಲ್ಲಿಯೇ ಇರಿಸಿರುವುದಕ್ಕೆ ಕಾರಣ ಕಾಯಿ. ಹೂವಿಗಿಂತಲೂ ಕಾಯಿಯೇ ದೊಡ್ಡ ಸಾಕ್ಷಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಹೂವು ಕೆಲವು ದಿನಗಳಲ್ಲಿ ಮುಗಿಯುತ್ತದೆ. ಕಾಯಿ ಗಿಡ ಒಣಗಿ ನಿಂತ ಮೇಲೂ ಅದರ ಮೇಲೆಯೇ ಉಳಿದಿರುತ್ತದೆ.

ಸಾಸಿವೆಯ ಒಂದು ಬಲಿತ ಕಾಯಿಯನ್ನು ತೆಗೆದುಕೊಂಡು ನಿಧಾನವಾಗಿ ಒಡೆಯಿರಿ. ಅದರ ಎರಡು ಮೈಗಳು ಬುಡದ ಕಡೆಯಿಂದ ಬಿಟ್ಟುಕೊಳ್ಳುತ್ತ ಮೇಲಕ್ಕೆ ಸೀಳಿ ಉದುರುತ್ತವೆ. ಉದುರಿದ ಮೇಲೆ ತೊಟ್ಟಿನಲ್ಲಿ ಉಳಿಯುವುದು ಒಂದು ತೆಳುವಾದ ಚೌಕಟ್ಟು, ಆ ಚೌಕಟ್ಟಿಗೆ ಬಿಗಿದ ಪಾರದರ್ಶಕವಾದ ಪೊರೆ, ಪೊರೆಯ ಎರಡೂ ಬದಿಗೆ ಅಂಟಿದ ಬೀಜಗಳು. ಕಿಟಕಿಯ ಚೌಕಟ್ಟಿಗೆ ಎಣ್ಣೆಕಾಗದ ಅಂಟಿಸಿದರೆ ಹೇಗಿರುತ್ತದೆಯೋ ಹಾಗೆ. ಈ ಪೊರೆ ಅಂಡಾಶಯದ ಮೂಲ ಗೋಡೆಯಲ್ಲ. ಒಂದೇ ಕೋಣೆಯಿದ್ದ ಅಂಡಾಶಯದೊಳಗೆ ಎರಡು ಅಂಚುಗಳಿಂದ ಬೆಳೆದು ಬಂದು ನಡುವೆ ಕೂಡಿಕೊಂಡು ಅದನ್ನು ಎರಡಾಗಿಸುವ ಗೋಡೆ, ಆದ್ದರಿಂದ ಅದಕ್ಕೆ ‘ಹುಸಿ ಗೋಡೆ’ ಎನ್ನುತ್ತಾರೆ. ಕಡಲೆ, ತೊಗರಿ, ಹೆಸರು ಇವುಗಳ ಕಾಯಿಯೂ ಎರಡು ಸಿಪ್ಪೆಯಾಗಿ ಒಡೆಯುತ್ತದೆಯಾದರೂ ನಡುವೆ ಪೊರೆಯಿಲ್ಲ, ಬೀಜಗಳು ಒಂದೇ ಅಂಚಿಗೆ ಜೋತಿರುತ್ತವೆ. ರೈತರಿಗೆ ಈ ಒಂದು ವ್ಯತ್ಯಾಸವನ್ನು ತೋರಿಸಿದರೆ ಸಾಕು, ಮುಂದಿನ ಪಾಠವನ್ನು ಅವರೇ ಮಾಡಬಲ್ಲರು.

ಕಾಯಿಯ ಉದ್ದ ಅಗಲದ ಮೂರುಪಟ್ಟಿಗಿಂತ ಹೆಚ್ಚಿದ್ದರೆ ಅದನ್ನು ಸಿಲಿಕ್ವಾ ಎಂದೂ, ಕಡಿಮೆಯಿದ್ದರೆ ಸಿಲಿಕ್ಯುಲಾ ಎಂದೂ ಕರೆಯುವುದು ವಾಡಿಕೆ. ಸಾಸಿವೆಯದು ಮೊದಲ ಬಗೆ. ಅಳವಿಯದು ಎರಡನೆಯದು: ಚಪ್ಪಟೆಯಾದ, ಹೆಚ್ಚುಕಡಿಮೆ ದುಂಡಾದ, ತುದಿಯಲ್ಲಿ ಸಣ್ಣ ಕಚ್ಚು ಇರುವ ಕಾಯಿ, ಒಂದೊಂದು ಕೋಣೆಗೆ ಒಂದೊಂದೇ ಬೀಜ. ಮೂಲಂಗಿಯ ಕಾಯಿ ಈ ಲೆಕ್ಕವನ್ನು ಮುರಿಯುತ್ತದೆ. ಅದು ಉಬ್ಬಿ ಬೆಂಡಿನಂತಾಗುತ್ತದೆಯೇ ಹೊರತು ಸೀಳಿ ಒಡೆಯುವುದಿಲ್ಲ. ಮೂಲಂಗಿಯನ್ನು ಬೀಜಕ್ಕೆ ಬಿಟ್ಟವರು ಇದನ್ನು ಕಂಡಿರುತ್ತೀರಿ.

ಈಗ ಮೇಜಿನ ಮೇಲಿರುವ ಮೊದಲ ಗಿಡಕ್ಕೆ ಬರುತ್ತೇನೆ. ಮಸಾರಿ ಹೊಲದಿಂದ ಬಂದದ್ದು, ಮೊಣಕಾಲೆತ್ತರ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಮೂಸಿದರೆ ಘಾಟು. ಇದಕ್ಕೆ ನಾಯಿ ಸಾಸಿವೆ ಎಂಬ ಹೆಸರೂ ಇದೆ. ಲಿನ್ನೇಯಸ್ 1753ರಲ್ಲಿ ಕ್ಲಿಯೋಮ್ ವಿಸ್ಕೋಸಾ ಎಂದು ಹೆಸರಿಟ್ಟ ಈ ಗಿಡವನ್ನು ಈಚಿನವರು ಅರಿವೆಲಾ ವಿಸ್ಕೋಸಾ ಎಂದೂ ಬರೆಯುತ್ತಾರೆ. ಹೂವಿಗೆ ನಾಲ್ಕು ಹಳದಿ ದಳಗಳು, ಕಾಯಿ ಬೆರಳುದ್ದದ ಕೋಲು, ಒಳಗೆ ಸಣ್ಣ ಕಪ್ಪುಗಂದು ಬೀಜಗಳು. ದೂರದಿಂದ ಎಲ್ಲವೂ ಸಾಸಿವೆಯೇ. ಹತ್ತಿರ ಬಂದರೆ ಒಂದೊಂದಾಗಿ ಕಳಚುತ್ತದೆ. ಎಲೆ ಒಂದೇ ಹಾಳೆಯಲ್ಲ, ಒಂದೇ ಬಿಂದುವಿನಿಂದ ಹೊರಟ ಮೂರೋ ಐದೋ ಕಿರುಎಲೆಗಳ ಗುಂಪು. ದಳಗಳು ಶಿಲುಬೆಯಂತೆ ನಾಲ್ಕು ದಿಕ್ಕಿಗೆ ಹರಡದೆ ನಾಲ್ಕೂ ಮೇಲ್ಭಾಗಕ್ಕೆ ವಾಲಿ, ಹೂವಿನ ಕೆಳಬದಿಯನ್ನು ಖಾಲಿ ಬಿಟ್ಟಿವೆ. ಆ ಖಾಲಿ ಜಾಗದಿಂದ ಹೊರಚಾಚಿದ ಕೇಸರಗಳನ್ನು ಎಣಿಸಿ: ಹತ್ತಕ್ಕಿಂತ ಹೆಚ್ಚು. ಇನ್ನು ಕಾಯಿ. ಮೈಮೇಲೆ ಉದ್ದುದ್ದ ಗೆರೆಗಳು, ಅಂಟು ರೋಮಗಳು. ಒಡೆಯುವುದು ಬುಡದಿಂದಲ್ಲ, ತುದಿಯಿಂದ, ಅದೂ ಅರ್ಧಕ್ಕೆ ನಿಲ್ಲುತ್ತದೆ. ಬಿಡಿಸಿ ನೋಡಿದರೆ ಬೀಜ ಅಂಟಿದ ಚೌಕಟ್ಟು ಇದೆ, ನಡುವಿನ ಪೊರೆ ಮಾತ್ರ ಇಲ್ಲ. ಬೀಜವನ್ನು ಮಸೂರದಲ್ಲಿ ಇಟ್ಟರೆ ಗುಂಡಗಿಲ್ಲದೆ ಮಡಚಿದಂತೆ ಬಾಗಿದೆ, ಮೈಮೇಲೆ ಅಡ್ಡ ಏಣುಗಳಿವೆ.

ಸಾಸಿವೆ ಎಂದು ಕರೆದ ಹಳ್ಳಿಯವರನ್ನು ಇದಕ್ಕಾಗಿ ಹಗುರವಾಗಿ ಕಾಣುವುದು ಸರಿಯಲ್ಲ. ಲಿನ್ನೇಯಸ್ ಕೂಡ ಕ್ಲಿಯೋಮ್ ಕುಲವನ್ನು ಟೆಟ್ರಾಡೈನಾಮಿಯಾ ವರ್ಗದಲ್ಲಿ, ಸಾಸಿವೆ ಮೂಲಂಗಿಗಳ ನೆರೆಯಲ್ಲಿಯೇ ಇಟ್ಟಿದ್ದ. ಆಮೇಲೆ ಬಹುಕಾಲ ಅದು ಕಪ್ಪಾರಿಸ್ ಕುಲದ ಮುಳ್ಳುಬಳ್ಳಿಗಳ ಕುಟುಂಬದಲ್ಲಿತ್ತು. 1998ರಲ್ಲಿ ವಂಶವಾಹಿಗಳ ಹೋಲಿಕೆಯ ಆಧಾರದಿಂದ ಹೂಬಿಡುವ ಸಸ್ಯಗಳನ್ನು ಮರುಜೋಡಿಸಿದ ವಿಜ್ಞಾನಿಗಳ ಗುಂಪು ಕಪ್ಪಾರಿಸ್, ಕ್ಲಿಯೋಮ್, ಸಾಸಿವೆ ಮೂರನ್ನೂ ಒಂದೇ ವಿಶಾಲ ಬ್ರಾಸಿಕೇಸೀ ಕುಟುಂಬವೆಂದು ಎಣಿಸಿತು. 2009ರ ಪರಿಷ್ಕರಣೆಯಲ್ಲಿ ಅದೇ ಗುಂಪು ಮೂರನ್ನೂ ಮತ್ತೆ ಬೇರ್ಪಡಿಸಿತು. ಆದ್ದರಿಂದ ಆ ಹತ್ತು ಹನ್ನೊಂದು ವರ್ಷಗಳಲ್ಲಿ ಅಚ್ಚಾದ ಕೆಲವು ಬರಹಗಳಲ್ಲಿ ನಾಯಿ ಸಾಸಿವೆಯನ್ನು ಸಾಸಿವೆ ಕುಟುಂಬದ್ದೆಂದು ಬರೆದಿರುವುದು ಕಂಡರೆ ಅದನ್ನು ಅಚ್ಚಿನ ತಪ್ಪೆಂದು ತಿಳಿಯಬಾರದು. ಇಂದಿನ ಒಪ್ಪಿಗೆಯ ಪ್ರಕಾರ ಅದು ಕ್ಲಿಯೋಮೇಸೀ ಕುಟುಂಬದ್ದು, ಮತ್ತು ಆ ಕುಟುಂಬ ಸಾಸಿವೆ ಕುಟುಂಬಕ್ಕೆ ಎಲ್ಲಕ್ಕಿಂತ ಹತ್ತಿರದ ಸಂಬಂಧಿ.

ಈ ಸಂಬಂಧಿಕರ ಗುಂಪಿನಲ್ಲಿಯೇ ಇನ್ನೊಬ್ಬರು ಕೇಸರದ ಲೆಕ್ಕವನ್ನು ಕೆಡಿಸುತ್ತಾರೆ. ಬಿಳಿ ಹೂವಿನ ಗೈನಾಂಡ್ರಾಪ್ಸಿಸ್ ಗೈನಾಂಡ್ರಾ, ಅಂದರೆ ಮಳೆಗಾಲದಲ್ಲಿ ಬೇಲಿಬದಿ ಹಾಗೂ ಹಾಳುಮಣ್ಣಿನಲ್ಲಿ ಏಳುವ, ಕೆಲವೆಡೆ ಸೊಪ್ಪಾಗಿ ತಿನ್ನುವ ಗಿಡ. ಇದರಲ್ಲಿಯೂ ದಳ ನಾಲ್ಕು, ಕೇಸರ ಆರು! ಸಂಖ್ಯೆಯನ್ನೇ ನೆಚ್ಚಿದ ವಿದ್ಯಾರ್ಥಿ ಇದನ್ನು ನಿಶ್ಚಿಂತೆಯಿಂದ ಸಾಸಿವೆ ಕುಟುಂಬಕ್ಕೆ ಬರೆದುಬಿಡುತ್ತಾನೆ. ಆದರೆ ಆರು ಕೇಸರಗಳೂ ಹೆಚ್ಚುಕಡಿಮೆ ಒಂದೇ ಉದ್ದ, ಮತ್ತು ಅವು ಹೂವಿನ ತಳದಿಂದ ಹೊರಡದೆ, ದಳಗಳಿಗಿಂತ ಮೇಲಕ್ಕೆ ಎದ್ದುನಿಂತ ಒಂದು ಕಂಬದ ನಡುವಿನಿಂದ ಹೊರಡುತ್ತವೆ. ಕಾಯಿ ಆ ಕಂಬದ ತುದಿಗೆ ಕೂತಿರುವುದರಿಂದ, ಹೂವು ಉದುರಿದ ಮೇಲೆ ಕಾಯಿಯ ತೊಟ್ಟಿನ ನಡುವೆ ಕೇಸರ ಬಿದ್ದ ಗುರುತಿನ ಗಂಟೊಂದು ಉಳಿಯುತ್ತದೆ. ಸಾಸಿವೆಯಲ್ಲಿ ಇಂಥ ಗಂಟು ಕಾಣದು. ಎಣಿಕೆಯ ಜೊತೆಗೆ ಎಲ್ಲಿಂದ ಹೊರಟಿದೆ, ಎಷ್ಟುದ್ದವಿದೆ ಎಂಬುದನ್ನೂ ನೋಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ: ಈ ಗಿಡ ಜೋಳ, ಮೆಕ್ಕೆಜೋಳಗಳಂತೆ ಸಿ-4 ಎಂಬ ಬಗೆಯಲ್ಲಿ ಆಹಾರ ತಯಾರಿಸುತ್ತದೆ. ಬಿಸಿಲು ಜೋರಾದಷ್ಟೂ ಆ ಬಗೆಯವರದು ಮೇಲುಗೈ. ನಮ್ಮ ಸೆಕೆಯ ನಾಡಿನಲ್ಲಿ ಅದು ಸಲೀಸಾಗಿ ಬೆಳೆಯುವುದರಲ್ಲಿ ಆಶ್ಚರ್ಯವೇನಿಲ್ಲ.

ಘಾಟು ವಾಸನೆಯನ್ನೇ ಗುರುತಾಗಿ ಇಟ್ಟುಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಸಾಸಿವೆ ಕುಟುಂಬದ ಗಿಡಗಳಲ್ಲಿ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತುಗಳಿವೆ. ಅವುಗಳನ್ನು ಒಡೆಯಬಲ್ಲ ಮೈರೊಸಿನೇಸ್ ಎಂಬ ಕಿಣ್ವ ಅದೇ ಗಿಡದಲ್ಲಿ ಬೇರೆ ಜೀವಕೋಶಗಳಲ್ಲಿ ಅಡಗಿರುತ್ತದೆ. ಎಲೆ ಹರಿದಾಗ, ಬೀಜ ಅರೆದಾಗ, ಹುಳು ಕಡಿದಾಗ ಎರಡೂ ಕೂಡಿ ಮೂಗಿಗೆ ಏರುವ ಖಾರ ಹುಟ್ಟುತ್ತದೆ. ಇಡೀ ಸಾಸಿವೆಗೆ ವಾಸನೆಯಿಲ್ಲದಿರುವುದೂ, ಉಪ್ಪಿನಕಾಯಿಗೆಂದು ಅರೆದ ಸಾಸಿವೆ ಕಣ್ಣಲ್ಲಿ ನೀರು ತರಿಸುವುದೂ ಇದರಿಂದಲೇ. ಈ ಖಾರ ಹುಳುಗಳನ್ನು ದೂರವಿಡಲು ಹುಟ್ಟಿದ ಏರ್ಪಾಡು. ಆದರೆ ಎಲೆಕೋಸಿನ ಬಿಳಿ ಚಿಟ್ಟೆಯ ಹುಳು ಅದನ್ನೇ ಊಟದ ಕರೆಯಾಗಿ ಮಾಡಿಕೊಂಡಿದೆಯೆಂದು ಹಾಲೆಂಡಿನ ಫೆರ್ಶಾಫೆಲ್ಟ್ 1910ರಲ್ಲಿಯೇ ತೋರಿಸಿದ. ಅವನು ಹುಳುಗಳು ಸಾಮಾನ್ಯವಾಗಿ ಮುಟ್ಟದ ವಸ್ತುಗಳಿಗೆ ಈ ಕುಟುಂಬದ ರಸವನ್ನು ಸವರಿದಾಗ ಅವು ಅದನ್ನೂ ತಿನ್ನತೊಡಗಿದವು. ನಮ್ಮ ಕುರುಚಲು ಕಾಡುಗಳಲ್ಲಿ ಅದೇ ಚಿಟ್ಟೆ ಕುಟುಂಬದ ಬಿಳಿ ಚಿಟ್ಟೆಗಳು ಕಪ್ಪಾರಿಸ್ ಮುಳ್ಳುಬಳ್ಳಿಗಳ ಮೇಲೆ ಮೊಟ್ಟೆಯಿಡುತ್ತವೆ, ಏಕೆಂದರೆ ಕಪ್ಪಾರಿಸ್ ಮತ್ತು ಕ್ಲಿಯೋಮ್‌ಗಳಲ್ಲಿಯೂ ಇದೇ ರಾಸಾಯನಿಕ ಬಳಗವಿದೆ. ಅಂದ ಮೇಲೆ ಘಾಟು ವಾಸನೆ ಈ ಮೂರು ಕುಟುಂಬಗಳ ಹೊಸ್ತಿಲವರೆಗೆ ನಮ್ಮನ್ನು ಕರೆತರಬಲ್ಲದು. ಮೂರರಲ್ಲಿ ಯಾವುದೆಂದು ಹೇಳಲಾರದು.

ಎರಡನೆಯ ಗಿಡ, ಕಾಲುವೆಯಂಚಿನದು, ನಿಜವಾದ ಸಾಸಿವೆ ಬಂಧು. ಗೇಣಿನಿಂದ ಮೊಳದೆತ್ತರ, ಹೂವು ಎಷ್ಟು ಸಣ್ಣದೆಂದರೆ ದಳದ ಉದ್ದ ಮೂರು ನಾಲ್ಕು ಮಿಲಿಮೀಟರ್. ಬುಡದ ಎಲೆಗಳ ತುದಿಹಾಲೆ ದೊಡ್ಡದು, ತೊಟ್ಟಿನ ಕಡೆಗೆ ಹಾಲೆಗಳು ಕಿರಿದಾಗುತ್ತ ಬಂದಿವೆ. ಇದು ರೊರಿಪ್ಪಾ ಕುಲ. ಈ ಕುಲದ ಸಸ್ಯಗಳಿಗೆ ಒದ್ದೆ ನೆಲ ಬೇಕು: ಕಾಲುವೆಯ ಜಿನುಗು, ಕೊಯ್ಲಾದ ಭತ್ತದ ಗದ್ದೆಯ ಹಸಿ, ನಳದ ಕೆಳಗಿನ ಕೆಸರು. ಬಿಸಿಲ ನಾಡಿನಲ್ಲಿ ತಂಪು ಹವೆಯ ಕುಟುಂಬವೊಂದಕ್ಕೆ ಜಾಗ ಮಾಡಿಕೊಟ್ಟಿರುವುದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿ ಕಡೆಗೂ, ಬಲದಂಡೆಯ ನೀರು ಬಳ್ಳಾರಿ, ಸಿರುಗುಪ್ಪ ಕಡೆಗೂ ಹರಿದು, ಜೋಳ ಮತ್ತು ಹತ್ತಿಯ ಎರೆನೆಲ ಭತ್ತದ ನೆಲವಾಯಿತು. ಸಾಸಿವೆ ಬಂಧುಗಳನ್ನು ಹುಡುಕುವವರು ಈ ಮೂರು ಜಿಲ್ಲೆಗಳಲ್ಲಿ ಒಣಹೊಲವನ್ನು ಬಿಟ್ಟು, ಚಳಿಗಾಲದಲ್ಲಿ, ಕಾಲುವೆಯ ಗುಂಟ ನಡೆಯಬೇಕೆಂದು ನಾನು ಹೇಳುವುದು ಇದರಿಂದಾಗಿ.

ರೊರಿಪ್ಪಾ ಎಂದು ತಿಳಿದ ಮೇಲೆ ಪ್ರಭೇದ ಯಾವುದೆಂಬ ಪ್ರಶ್ನೆ ಬರುತ್ತದೆ, ಮತ್ತು ಇಲ್ಲಿ ಅನುಭವಿಗಳೂ ಎಡವುತ್ತಾರೆ. ರೊರಿಪ್ಪಾ ಇಂಡಿಕಾದಲ್ಲಿ ಹಳದಿ ದಳಗಳಿರುತ್ತವೆ, ಕಾಯಿ ಒಂದರಿಂದ ಎರಡೂವರೆ ಸೆಂಟಿಮೀಟರ್ ಉದ್ದ, ಒಂದೊಂದು ಕೋಣೆಯಲ್ಲಿ ಬೀಜಗಳು ಎರಡು ಸಾಲಾಗಿ ಕೂತಿರುತ್ತವೆ. ರೊರಿಪ್ಪಾ ಡೂಬಿಯಾದಲ್ಲಿ ಸಾಮಾನ್ಯವಾಗಿ ದಳಗಳೇ ಇರುವುದಿಲ್ಲ, ಕಾಯಿ ಇನ್ನೂ ಸಪೂರ, ಬೀಜ ಒಂದೇ ಸಾಲು. ರೊರಿಪ್ಪಾ ಪಲುಸ್ಟ್ರಿಸ್‌ನ ಕಾಯಿ ಗಿಡ್ಡವಾಗಿ, ಉಬ್ಬಿ, ನೋಡಲು ಸಿಲಿಕ್ಯುಲಾದಂತಿರುತ್ತದೆ. ದಳ ಉದುರಿಹೋದ ಇಂಡಿಕಾವನ್ನು ಡೂಬಿಯಾ ಎಂದು ಬರೆಯುವುದು ಸುಲಭ. ಅದಕ್ಕಾಗಿಯೇ ಕಾಯಿಯ ಒಂದು ಮೈಯನ್ನು ಉಗುರಿನಿಂದ ಎಬ್ಬಿಸಿ ಬೀಜದ ಸಾಲನ್ನು ನೋಡದೆ ಹೆಸರು ಬರೆಯಬಾರದು. ಈ ಮೇಜಿನ ಮೇಲಿನದರಲ್ಲಿ ಸಾಲು ಎರಡು. ಮಸೂರ ಇಲ್ಲಿದೆ, ಆಮೇಲೆ ಬಂದು ನೋಡಬಹುದು.

ಬಿತ್ತಿದ ಸಾಸಿವೆ ತಪ್ಪಿಸಿಕೊಂಡು ಬದುಗಳಲ್ಲಿ, ಸಂತೆಯ ಬಯಲಿನಲ್ಲಿ, ದಿನಸಿ ಚೀಲ ಇಳಿಸುವ ಜಾಗಗಳಲ್ಲಿ ತಾನಾಗಿ ಏಳುವುದೂ ಉಂಟು. ಅದು ಕಳೆಯ ರೂಪದ ಬೆಳೆ. ಹಾಗೆ ಎದ್ದದ್ದು ಯಾವ ಸಾಸಿವೆ ಎಂದು ತಿಳಿಯಲು ಮೇಲ್ಭಾಗದ ಎಲೆಗಳನ್ನು ನೋಡಿ. ಎಲೆಯ ಬುಡ ಕಾಂಡವನ್ನು ಕಿವಿಯಂಥ ಹಾಲೆಗಳಿಂದ ಅಪ್ಪಿಕೊಂಡಿದ್ದರೆ ಅದು ಬ್ರಾಸಿಕಾ ರಾಪಾ. ಅಪ್ಪಿಕೊಳ್ಳದೆ ಕಿರಿದಾಗುತ್ತ ಬಂದು ಕಾಂಡಕ್ಕೆ ಸೇರಿದ್ದರೆ, ಕಾಯಿ ಮೂರರಿಂದ ಐದು ಸೆಂಟಿಮೀಟರ್ ಇದ್ದು ತುದಿಯಲ್ಲಿ ಬೀಜವಿಲ್ಲದ ಕೊಕ್ಕು ಇದ್ದರೆ ಅದು ಬ್ರಾಸಿಕಾ ಜುಂಸಿಯಾ, ಒಗ್ಗರಣೆಗೆ ನಾವು ಬಳಸುವ ಸಾಮಾನ್ಯ ಸಾಸಿವೆ. ಕೊಕ್ಕು ಅಗಲವಾಗಿ ಚಪ್ಪಟೆಯಾಗಿ ಕತ್ತಿಯಂತಿದ್ದು, ದಳಗಳ ಮೇಲೆ ಕಪ್ಪುನೇರಳೆ ನರಗಳು ಎದ್ದುಕಂಡರೆ ಅದು ಉತ್ತರ ಭಾರತದಲ್ಲಿ ತಾರಾಮೀರಾ ಎನ್ನುವ ಎರೂಕಾ. ಜುಂಸಿಯಾ ತಾನೇ ಒಂದು ಬೆರಕೆ ಎಂಬುದು ಕೇಳಲು ಸ್ವಾರಸ್ಯದ ಸಂಗತಿ: 1935ರಲ್ಲಿ ಜಪಾನಿನಲ್ಲಿ ಕೆಲಸಮಾಡುತ್ತಿದ್ದ ಕೊರಿಯಾ ಮೂಲದ ವಿಜ್ಞಾನಿ ನಾಗಹಾರು ಯು, ಹತ್ತು ಜೊತೆ ವರ್ಣತಂತುಗಳ ರಾಪಾ ಮತ್ತು ಎಂಟು ಜೊತೆಯ ಕರಿ ಸಾಸಿವೆ ಬ್ರಾಸಿಕಾ ನೈಗ್ರಾ ಕೂಡಿ ಹದಿನೆಂಟು ಜೊತೆಯ ಜುಂಸಿಯಾ ಆಗಿದೆಯೆಂದು ತೋರಿಸಿದರು.

ಮೂರನೆಯ ಗಿಡದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲೆಯನ್ನು ಹಿಡಿಯಹೋದವರ ಕೈಗೆ ಅದು ತಾನೇ ಹೇಳಿದೆ. ಮುಳ್ಳಂಚಿನ, ಬಿಳಿ ನರಗಳ ಎಲೆ, ಮುರಿದರೆ ಅರಿಸಿನದಂಥ ಹಾಲು, ಬಹುಮಟ್ಟಿಗೆ ಆರು ದಳ, ಎಣಿಸಲು ಬೇಸರವಾಗುವಷ್ಟು ಕೇಸರ, ಮುಳ್ಳಿನ ಕಾಯಿ. ಇದು ಮೆಕ್ಸಿಕೋ ಮೂಲದ ಆರ್ಜಿಮೋನ್ ಮೆಕ್ಸಿಕಾನಾ, ನಮ್ಮ ಕಡೆ ಹಳದಿ ದತ್ತೂರಿ, ಗಸಗಸೆಯ ಕುಟುಂಬದ್ದು. ಗಿಡದಲ್ಲಿ ಸಾಸಿವೆಯ ಹೋಲಿಕೆ ಏನೂ ಇಲ್ಲ. ಹೋಲಿಕೆ ಇರುವುದು ಬೀಜದಲ್ಲಿ, ಮತ್ತು ಅದು ಪ್ರಾಣಕ್ಕೆ ಎರವಾಗುವಂಥ ಹೋಲಿಕೆ. ಈ ಬೀಜದ ಎಣ್ಣೆಯಲ್ಲಿರುವ ಸಾಂಗ್ವಿನಾರಿನ್ ಎಂಬ ವಿಷ ಸೂಕ್ಷ್ಮ ರಕ್ತನಾಳಗಳನ್ನು ಹಿಗ್ಗಿಸಿ ಸೋರುವಂತೆ ಮಾಡುತ್ತದೆ. ಕಾಲು ಬಾಯುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಹೃದಯ ಸೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಈ ರೋಗ ಹರಡಿ ಸುಮಾರು 60 ಜನ ಸತ್ತರು. ನಮ್ಮ ಅಡುಗೆಗೆ ಶೇಂಗಾ, ಸೂರ್ಯಕಾಂತಿ, ಕುಸುಬೆ ಎಣ್ಣೆಗಳು ಹೆಚ್ಚಾಗಿರುವುದರಿಂದ ಅಪಾಯ ಕಡಿಮೆಯಾದರೂ, ಸಾಸಿವೆಯನ್ನು ಸಣ್ಣ ಪ್ರಮಾಣದಲ್ಲಿ ಮನೆಬಳಕೆಗೆ ಬೆಳೆಯುವವರು ರಾಶಿಯನ್ನು ಮಸೂರದಲ್ಲಿ ನೋಡುವುದು ಲೇಸು. ದತ್ತೂರಿ ಬೀಜದ ಮೈ ಒರಟು, ಸಾಸಿವೆಯದು ನುಣುಪು. ಒತ್ತಿ ಒಡೆದರೆ ಸಾಸಿವೆಯ ಒಳಗು ಹಳದಿ, ದತ್ತೂರಿಯ ಒಳಗು ಬಿಳಿ. ಎಣ್ಣೆಯಾದ ಮೇಲೆ ಪತ್ತೆಹಚ್ಚುವುದು ಪ್ರಯೋಗಾಲಯದ ಕೆಲಸ. ಅಲ್ಲಿ ಎಣ್ಣೆಗೆ ನೈಟ್ರಿಕ್ ಆಮ್ಲ ಸೇರಿಸಿ, ಆಮ್ಲದ ಪದರ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆಯೇ ಎಂದು ನೋಡುತ್ತಾರೆ. ಮನೆಯಲ್ಲಿ ಅದನ್ನು ಮಾಡಹೋಗಬೇಡಿ.

ಇಷ್ಟೆಲ್ಲ ಶ್ರಮ ಏಕೆ, ಕಳೆನಾಶಕಕ್ಕೆ ಎಲ್ಲವೂ ಅಗಲ ಎಲೆಯ ಕಳೆಯೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಅರ್ಧ ಸತ್ಯವಿದೆಯೆಂದು ಒಪ್ಪುತ್ತೇನೆ. ಭತ್ತದಲ್ಲಿ ಸಿಂಪಡಿಸುವ 2,4-ಡಿ ಇವುಗಳ ಕುಟುಂಬ ಕೇಳುವುದಿಲ್ಲ. ಪಕ್ಕದ ಹೊಲದ ಹತ್ತಿಯನ್ನೂ ಅದು ಕೇಳುವುದಿಲ್ಲ. ಗಾಳಿಗೆ ತೇಲಿಬಂದ ಅಲ್ಪ ಹನಿಗೂ ಹತ್ತಿಯ ಎಲೆ ಸುರುಟಿ ವಿಕಾರವಾಗುವುದನ್ನು ಮಾನ್ವಿ, ಸಿಂಧನೂರು ಕಡೆಯವರಿಗೆ ನಾನು ವಿವರಿಸಬೇಕಿಲ್ಲ. ಆದರೆ ಯಾವ ಕಳೆ ಯಾವ ನೆಲದ್ದು, ಯಾವಾಗ ಬೀಜ ಉದುರಿಸುತ್ತದೆ, ಯಾವುದು ತಿನ್ನಲು ಬರುತ್ತದೆ, ಯಾವುದರ ಬೀಜ ವಿಷ ಎಂಬುದು ಹೆಸರು ತಿಳಿದ ಮೇಲೆಯೇ ತಿಳಿಯುವ ವಿಚಾರ.

ನಮ್ಮ ಭಾಗದಲ್ಲಿ ಈ ಕೆಲಸ ಬಾಕಿ ಉಳಿದದ್ದಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ಸಸ್ಯವಿಜ್ಞಾನಿ ಗ್ಯಾಂಬಲ್ 1915ರಿಂದ ಭಾಗ ಭಾಗವಾಗಿ ಹೊರತಂದ ಆ ಪ್ರಾಂತ್ಯದ ಸಸ್ಯಕೋಶದ, ಅಂದರೆ ಅಲ್ಲಿನ ಗಿಡಗಳನ್ನು ವಿವರಿಸುವ ಗ್ರಂಥದ, ವ್ಯಾಪ್ತಿಗೆ ಬಂತು. ಧಾರವಾಡ, ವಿಜಯಪುರಗಳು ಮುಂಬಯಿ ಪ್ರಾಂತ್ಯದಲ್ಲಿದ್ದು ಕುಕ್ ಅದಕ್ಕೂ ಮುಂಚೆಯೇ ಬರೆದ ಸಸ್ಯಕೋಶದೊಳಗೆ ಬಂದವು. ರಾಯಚೂರು ಮತ್ತು ಆಗ ಅದರ ಭಾಗವೇ ಆಗಿದ್ದ ಕೊಪ್ಪಳ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದುದರಿಂದ ಎರಡರ ನಡುವೆ ಬಿಟ್ಟುಹೋದವು. ತುಂಗಭದ್ರೆಯ ಒಂದು ದಡದ ಗಿಡಕ್ಕೆ ಪುಸ್ತಕವಿತ್ತು, ಇನ್ನೊಂದು ದಡದ ಅದೇ ಗಿಡಕ್ಕೆ ಇರಲಿಲ್ಲ. ಆಮೇಲೆ ಕೆಲಸ ನಡೆದಿದೆ, ಆದರೆ ಕಾಲುವೆ ಬಂದ ಮೇಲೆ ನೆಲವೇ ಬದಲಾದದ್ದರಿಂದ ಹೊಸದಾಗಿ ನೋಡುವವರು ಬೇಕು.

ಆದ್ದರಿಂದ ಶಿಕ್ಷಕರಲ್ಲಿ ಒಂದು ವಿನಂತಿ. ಮಕ್ಕಳು ಮೊಬೈಲಿನಲ್ಲಿ ಹೂವಿನ ಮೇಲುನೋಟದ ಚಿತ್ರವೊಂದನ್ನು ತೆಗೆದು ಹೆಸರು ಕೇಳುತ್ತಾರೆ. ಅಂಥ ಚಿತ್ರದಿಂದ ಈ ಕುಟುಂಬದಲ್ಲಿ ಪ್ರಭೇದವನ್ನು ಹೇಳುವುದು ಬಹುತೇಕ ಅಸಾಧ್ಯ. ಹೂವನ್ನು ಮಗ್ಗುಲಿನಿಂದ, ಬಲಿತ ಕಾಯಿಯನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಬಿಡಿಸಿದ ಕಾಯಿಯ ಒಳಗನ್ನು, ಬುಡದ ಎಲೆಯನ್ನು, ಕಾಂಡದ ಮೇಲಿನ ಎಲೆ ಸೇರುವ ಜಾಗವನ್ನು ಚಿತ್ರಿಸಲು ಹೇಳಿ. ಗಿಡವನ್ನು ಒತ್ತಿ ಒಣಗಿಸುವುದಾದರೆ ಬೇರುಸಹಿತ, ಹೂವು ಮತ್ತು ಬಲಿತ ಕಾಯಿ ಎರಡೂ ಇರುವುದನ್ನೇ ಕಿತ್ತು, ಊರು, ದಿನಾಂಕ, ನೆಲ ಒಣದೋ ಹಸಿಯೋ ಎಂಬುದನ್ನು ಅದೇ ದಿನ ಚೀಟಿಯಲ್ಲಿ ಬರೆದಿಡಿ. ಒಣಗಿದ ಮೇಲೆ ಹಳದಿ ಬಿಳಿಚುತ್ತದೆ, ಆದ್ದರಿಂದ ದಳದ ಬಣ್ಣವನ್ನೂ ಬರೆಯಬೇಕು.

ಸಭೆಯಲ್ಲಿ ಬಂದ ಮೊದಲ ಪ್ರಶ್ನೆ, ನಾಯಿ ಸಾಸಿವೆಯ ಬೀಜವನ್ನು ಒಗ್ಗರಣೆಗೆ ಹಾಕಬಹುದೇ ಎಂಬುದು. ದೇಶದ ಕೆಲವೆಡೆ, ಮುಖ್ಯವಾಗಿ ಉತ್ತರದ ಬೆಟ್ಟಗಳಲ್ಲಿ, ಜಖಿಯಾ ಎಂಬ ಹೆಸರಿನಲ್ಲಿ ಅದನ್ನು ಒಗ್ಗರಣೆಗೆ ಬಳಸುವ ರೂಢಿಯಿದೆ. ಆದರೆ ದತ್ತೂರಿಯ ಬೀಜದಿಂದ ಅದನ್ನು ಬಿಡಿಸಿ ಗುರುತಿಸಬಲ್ಲವರು ಮಾತ್ರ ಆ ಮಾತನ್ನು ಎತ್ತಬೇಕೆಂದು ಉತ್ತರಿಸಿದೆ.

ಎರಡನೆಯ ಪ್ರಶ್ನೆ ರೈತರೊಬ್ಬರದು: ಹೂವು ಬರುವವರೆಗೆ ಕಾಯುತ್ತ ಕೂತರೆ ಎಡೆಕುಂಟೆ ಹೊಡೆಯುವ ಹೊತ್ತು ಮೀರುತ್ತದೆ, ಮೊಳಕೆಯಲ್ಲೇ ಹೇಳಲು ಬಾರದೇ? ಸ್ವಲ್ಪಮಟ್ಟಿಗೆ ಬರುತ್ತದೆ. ಸಾಸಿವೆ, ಮೂಲಂಗಿ, ಎರೂಕಾಗಳ ಮೊಳಕೆಯಲ್ಲಿ ಮೊದಲು ತೆರೆಯುವ ಎರಡು ಬೀಜದಳಗಳ ತುದಿಯಲ್ಲಿ ಆಳವಾದ ಕಚ್ಚು ಇರುತ್ತದೆ. ಬೀಜದೊಳಗೆ ಅವು ಬೇರಿನ ಮೊಳಕೆಯನ್ನು ನಡುವೆ ಇಟ್ಟುಕೊಂಡು ಮಡಚಿ ಕೂತಿರುತ್ತವೆ. ರೊರಿಪ್ಪಾದ ಬೀಜದಳ ಅತಿ ಸಣ್ಣದು, ಕಚ್ಚಿಲ್ಲದ ಮೊಟ್ಟೆಯಾಕಾರ. ನಾಯಿ ಸಾಸಿವೆಯ ಬೀಜದಳಕ್ಕೂ ಆ ಆಳವಾದ ಕಚ್ಚು ಇಲ್ಲ, ಮತ್ತು ಅದರ ಬೆನ್ನಿಗೇ ಬರುವ ನಿಜವಾದ ಎಲೆ ಮೂರು ಕಿರುಎಲೆಗಳಾಗಿಯೇ ಹೊರಡುತ್ತದೆ. ಅಳವಿಯ ಬೀಜದಳವೇ ಮೂರು ಸೀಳಾಗಿರುತ್ತದೆ, ಇದು ಈ ಕುಟುಂಬದಲ್ಲಿಯೇ ಅಪರೂಪ. ನಂಬಿಕೆ ಬಾರದಿದ್ದರೆ ಕಿರಾಣಿ ಅಂಗಡಿಯಿಂದ ಅಳವಿ, ಸಾಸಿವೆ ಎರಡನ್ನೂ ಒಂದೊಂದು ಚಿಟಿಕೆ ತಂದು ಒದ್ದೆ ಬಟ್ಟೆಯ ಮೇಲೆ ಹಾಕಿ. ಅಳವಿ ಮೊದಲು ಲೋಳೆ ಬಿಡುತ್ತದೆ, ಆಮೇಲೆ ಕೆಲವೇ ದಿನಗಳಲ್ಲಿ ಎರಡರ ಬೀಜದಳಗಳೂ ಅಕ್ಕಪಕ್ಕದಲ್ಲಿ ಹೋಲಿಸಿ ನೋಡಲು ಸಿಗುತ್ತವೆ.